ಬ್ಲೈಬರೊ ಚರ್ಚು: ದೇವದೂತರಿಗೆ ಗುಂಡು ಹೊಡೆದವರು ಯಾರು?

ಪ್ರಶ್ನೆ: ಮಗನ ಮನೆಗೆಂದು ಇಂಗ್ಲೆಂಡಿನ ಇಪ್ಸ್‌ವಿಚ್‌ಗೆ ಹೋಗಿದ್ದೆ. ಸಮುದ್ರ ನೋಡಲು ಹೊರಟಾಗ ದಾರಿಯಲ್ಲಿ ಬ್ಲೈಬರೊ ಎಂಬ ಹಳ್ಳಿಯ ಚರ್ಚಿಗೆ ಕರೆದುಕೊಂಡು ಹೋದ. ಊರು ಪುಟ್ಟದು, ಚರ್ಚು ಮಾತ್ರ ಅರಮನೆಯಷ್ಟಿದೆ. ಛಾವಣಿಯಲ್ಲಿ ರೆಕ್ಕೆ ಬಿಚ್ಚಿದ ಮರದ ದೇವದೂತರು. ಅವರ ಮೈಗೆ ಗುಂಡು ಹೊಡೆದವರು ಕ್ರಾಮ್‌ವೆಲ್‌ನ ಸೈನಿಕರು ಅಂತ ಅಲ್ಲಿದ್ದ ಒಬ್ಬರು ಹೇಳಿದರು. ಬೆಂಚಿನ ತುದಿಯಲ್ಲಿ ಹೊಟ್ಟೆ ಹಿಡಿದುಕೊಂಡ ಮನುಷ್ಯ, ಬಾಗಿಲ ಮೇಲೆ ಸುಟ್ಟ ಗುರುತು. ಅವತ್ತೇ ನೋಡಿದ ಇನ್ನೆರಡು ಹಳ್ಳಿ ಚರ್ಚುಗಳಲ್ಲಿ ಗೋಡೆಯೊಳಗೆ ಕಲ್ಲಿನ ಬೋಗುಣಿ, ಎಲ್ಲಿಗೂ ಹೋಗದ ಮೆಟ್ಟಿಲು ಇದ್ದವು. ನಾನು ಹಾಸನದವಳು. ನಮ್ಮ ಶೆಟ್ಟಿಹಳ್ಳಿಯ ಮುಳುಗಡೆ ಚರ್ಚಿನಲ್ಲೂ ಇದೇ ಥರದ ಚೂಪು ಕಮಾನು ನೋಡಿದ್ದೇನೆ. ಇದನ್ನೆಲ್ಲ ಸ್ವಲ್ಪ ಬಿಡಿಸಿ ಹೇಳುತ್ತೀರಾ ಸರ್?
— ಒಬ್ಬ ನಿವೃತ್ತ ಶಿಕ್ಷಕಿ, ಹಾಸನ

ಮೇಡಂ, ಮೊದಲು ಗುಂಡಿನ ವಿಷಯ ಮುಗಿಸಿಬಿಡೋಣ. ಆ ಪಾಪ ಕ್ರಾಮ್‌ವೆಲ್‌ನ ತಲೆಗೆ ಕಟ್ಟಬೇಕಾಗಿಲ್ಲ. ಬ್ಲೈಬರೊ ಚರ್ಚಿನ ಹಳೆಯ ಲೆಕ್ಕದ ಪುಸ್ತಕದಲ್ಲಿ 18ನೇ ಶತಮಾನದ ಒಂದು ಖರ್ಚು ಸಿಗುತ್ತದೆ. ಒಳಗೆ ಗೂಡು ಕಟ್ಟಿದ್ದ ಹಕ್ಕಿಗಳನ್ನು ಹೊಡೆಯುವುದಕ್ಕೆ ಮದ್ದು, ಚರೆ ತಂದದ್ದು. ಹಕ್ಕಿ ಅಂದರೆ ಜ್ಯಾಕ್‌ಡಾ, ನಮ್ಮ ಕಾಗೆಯ ಚಿಕ್ಕ ತಮ್ಮ ಅನ್ನಿ. ದುರಸ್ತಿ ಮಾಡುವಾಗ ದೇವದೂತರ ಮೈಯಿಂದ ಆರಿಸಿದ್ದೂ ಹಕ್ಕಿ ಹೊಡೆಯುವ ಸೀಸದ ಚರೆಯೇ. ಹಕ್ಕಿಗೆ ಇಟ್ಟ ಗುರಿ ದೇವದೂತರಿಗೆ ತಗುಲಿದೆ, ಅಷ್ಟೆ.

ಹಾಗಂತ ಆ ಕಥೆ ಪೂರ್ತಿ ಸುಳ್ಳೂ ಅಲ್ಲ. ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಆಂತರಿಕ ಯುದ್ಧದ ಕಾಲದಲ್ಲಿ (ಕ್ರಾಮ್‌ವೆಲ್ ಪಾರ್ಲಿಮೆಂಟಿನ ಕಡೆಯ ಸೇನಾನಿ), ಚರ್ಚಿನಲ್ಲಿ ವಿಗ್ರಹ ಇರಬಾರದು ಅನ್ನುತ್ತಿದ್ದ ಪ್ರೊಟೆಸ್ಟೆಂಟರ ಪೈಕಿಯ ವಿಲಿಯಂ ಡೌಸಿಂಗ್ ಎಂಬ, ಬ್ಲೈಬರೊ ಇರುವ ಸಫೊಕ್ ಸೀಮೆಯ ರೈತ ಚರ್ಚುಗಳಲ್ಲಿದ್ದ ವಿಗ್ರಹ, ಚಿತ್ರಗಳನ್ನು ಒಡೆಸುವ ಅಧಿಕಾರ ಹಿಡಿದುಕೊಂಡು ಊರೂರು ಸುತ್ತಿದ. ಒಡೆದದ್ದನ್ನು ದಿನಚರಿಯಲ್ಲಿ ಲೆಕ್ಕ ಬರೆದಿಟ್ಟ ಮಹಾರಾಯ ಅವನು. 1644ರ ಏಪ್ರಿಲ್ 9ರಂದು ಬ್ಲೈಬರೊಗೆ ಬಂದ. 20 ದೇವದೂತರನ್ನು ಇಳಿಸಬೇಕು, ಇನ್ನೂ 200ಕ್ಕೂ ಹೆಚ್ಚು ಚಿತ್ರಗಳನ್ನು 8 ದಿನದೊಳಗೆ ತೆಗೆಯಬೇಕು ಅಂತ ಅಪ್ಪಣೆ ಮಾಡಿ ಹೋದ. ಕಿಟಕಿಯ ಬಣ್ಣದ ಗಾಜು ಹೋಯಿತು. ದೇವದೂತರು ಮಾತ್ರ ಅಲ್ಲೇ ಇದ್ದಾರೆ! ಅಷ್ಟೆತ್ತರಕ್ಕೆ ಅಟ್ಟಣೆ ಕಟ್ಟಿಸಬೇಕಿತ್ತು, ಅದರ ದುಡ್ಡು ಊರಿನವರೇ ಕೊಡಬೇಕಿತ್ತು. ‘ಆಯ್ತು ಸ್ವಾಮಿ, ಮಾಡಿಸ್ತೀವಿ’ ಅಂದು ಸುಮ್ನಿದ್ದರು ಅಂತ ನನ್ನ ಊಹೆ. ಸರ್ಕಾರಿ ಅಪ್ಪಣೆಗೆ ಹಳ್ಳಿಯವರ ಉತ್ತರ ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಇದೇ ಅಲ್ವಾ?

ಈ ಕಥೆಯಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಇಂಗ್ಲೆಂಡಿನ ಹಳ್ಳಿ ಚರ್ಚು ಒಬ್ಬ ಶಿಲ್ಪಿ ಒಂದೇ ಸಲ ನಕ್ಷೆ ಹಾಕಿ ಕಟ್ಟಿದ್ದಲ್ಲ. 500-600 ವರ್ಷ ಜನ ಅದರಲ್ಲಿ ಬಾಳಿದ್ದಾರೆ, ಸೇರಿಸಿದ್ದಾರೆ, ಕಿತ್ತಿದ್ದಾರೆ, ಸುಣ್ಣ ಬಳಿದಿದ್ದಾರೆ. ಹಾಗಾಗಿ ಅಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಜಾಸ್ತಿ ಕಥೆ ಹೇಳುತ್ತದೆ. ನೀವು ನೋಡಿದ ಎಲ್ಲಿಗೂ ಹೋಗದ ಮೆಟ್ಟಿಲು ಅಂಥದ್ದೇ. ಅದಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ಚರ್ಚು ಹೇಗೆ? ಊರು ಆಗ ಚಿಕ್ಕದಾಗಿರಲಿಲ್ಲ. ಪಕ್ಕದಲ್ಲಿ ಕೆಸರು ತುಂಬಿಕೊಂಡು ಮಲಗಿರುವ ಬ್ಲೈತ್ ನದಿಯಲ್ಲಿ ಒಂದು ಕಾಲದಲ್ಲಿ ಸರಕಿನ ಹಡಗುಗಳು ಓಡಾಡುತ್ತಿದ್ದವು. ಬ್ಲೈಬರೊ ಬಂದರು, ಸಂತೆ ಎರಡೂ ಇದ್ದ ಊರು. ಈಗಿರುವ ಕಟ್ಟಡ ಬಹುಪಾಲು 15ನೇ ಶತಮಾನದ್ದು, ಗೋಪುರ ಅದಕ್ಕಿಂತ ಸ್ವಲ್ಪ ಹಳೆಯದು. ಸಫೊಕ್ ಆಗ ಉಣ್ಣೆ, ಬಟ್ಟೆ ವ್ಯಾಪಾರದಿಂದ ಕೊಬ್ಬಿದ ಸೀಮೆ. ಆಮೇಲೆ ನದಿಯಲ್ಲಿ ಹೂಳು ತುಂಬಿತು, ಹಡಗುಗಳು ದೊಡ್ಡದಾಗಿ ಒಳಗೆ ಬರದಾದವು, ವ್ಯಾಪಾರ ಬೇರೆ ಕಡೆ ಹೋಯಿತು. ಊರು ಕುಗ್ಗಿತು, ಚರ್ಚು ಕುಗ್ಗಲಿಲ್ಲ. ಸುತ್ತಲಿನ ಜೌಗು ನೆಲದಿಂದ ನೋಡಿದರೆ ಹಡಗೊಂದು ಲಂಗರು ಹಾಕಿ ನಿಂತ ಹಾಗೆ ಕಾಣುತ್ತದೆ. ‘ಜೌಗಿನ ಕೆಥೀಡ್ರಲ್’ ಅಂತ ಅದಕ್ಕೆ ಅಡ್ಡಹೆಸರು. ನಿಜಕ್ಕೂ ಅದು ಕೆಥೀಡ್ರಲ್ ಅಲ್ಲ. ಕೆಥೀಡ್ರಲ್ ಅಂದರೆ ಬಿಷಪ್ಪರ ಪೀಠ ಇರುವ ಚರ್ಚು. ಇದು ಹಳ್ಳಿಯ ಜನರ ಚರ್ಚು, ನಮ್ಮ ಕಡೆ ಧರ್ಮಕೇಂದ್ರ ಅನ್ನುತ್ತಾರಲ್ಲ, ಅಂಥದ್ದು. ಅಂದ ಹಾಗೆ, ಊರಿನ ಹೆಸರಿನಲ್ಲಿ ಬರೆಯುವಾಗ ಇರುವ ‘ತ್’ ಬಾಯಲ್ಲಿ ಬರುವುದಿಲ್ಲ. ನಿಮ್ಮ ಮಗ ಹೇಳಿದ ‘ಬ್ಲೈಬರೊ’ ಸರಿಯಾಗೇ ಇದೆ.

ದುಡ್ಡು ಯಾರು ಹಾಕಿದರು ಅನ್ನುವುದು ಕಟ್ಟಡದ ಮೈಯಲ್ಲೇ ಕಾಣುತ್ತದೆ. ಹಳ್ಳಿ ಚರ್ಚಿಗೆ ಮುಖ್ಯವಾಗಿ ಎರಡು ಭಾಗ. ಪಶ್ಚಿಮದ ಕಡೆ ಜನ ನಿಲ್ಲುವ ದೊಡ್ಡ ಸಭಾಂಗಣ, ಅದು ನೇವ್. ಪೂರ್ವದ ಕಡೆ ಬಲಿಪೀಠ ಇರುವ ಭಾಗ, ಅದು ಚಾನ್ಸೆಲ್. ನಮ್ಮ ದೇವಸ್ಥಾನದ ನವರಂಗ, ಗರ್ಭಗುಡಿ ನೆನೆಸಿಕೊಂಡರೆ ಸುಮಾರಾಗಿ ಹೊಂದುತ್ತದೆ. ಮಧ್ಯಯುಗದ ಕಾನೂನಿನಲ್ಲಿ ಸಭಾಂಗಣದ ದುರಸ್ತಿ ಊರಿನವರದು. ಚಾನ್ಸೆಲ್‌ನ ದುರಸ್ತಿ ಬೆಳೆಯ ಹತ್ತರಲ್ಲೊಂದು ಪಾಲು ತಿನ್ನುವವನದು. ಆ ಪಾಲು ಬ್ಲೈಬರೊದಲ್ಲಿ ಪಕ್ಕದ ಸನ್ಯಾಸಿ ಮಠಕ್ಕೆ ಹೋಗುತ್ತಿತ್ತು. ಹೀಗಾಗಿ ಬಹಳಷ್ಟು ಹಳ್ಳಿಗಳಲ್ಲಿ ಸಭಾಂಗಣ ಭರ್ಜರಿಯಾಗಿ, ಚಾನ್ಸೆಲ್ ಮಾತ್ರ ಹಳೆಯ ಕಾಲದ್ದೇ ಗಿಡ್ಡದಾಗಿ ಉಳಿದಿರುತ್ತದೆ. ಊರಿನವರು ಖರ್ಚು ಮಾಡಿದರು, ಪಾಲು ತಿನ್ನುವವನು ಮಾಡಲಿಲ್ಲ. ಬ್ಲೈಬರೊದಲ್ಲಿ ಹಾಗಾಗಿಲ್ಲ. ಎರಡರ ಮೇಲೂ ಒಂದೇ ಛಾವಣಿ ತಡೆಯಿಲ್ಲದೆ ಓಡುತ್ತದೆ, ಚಂದವೂ ಅದರಿಂದಲೇ ಬಂದಿದೆ.

ಈ ಕಾನೂನು ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯಲ್ಲಿ ಒಂದು ದಂಪತಿಗೆ ಹೊಲದ ಜೊತೆ ಚಾನ್ಸೆಲ್ ದುರಸ್ತಿಯ ಹೊಣೆಯೂ ಅಂಟಿಕೊಂಡು ಬಂದಿತ್ತು. ಕೇಸು ಆಗ ಅಲ್ಲಿನ ಅತಿ ಮೇಲಿನ ನ್ಯಾಯಾಲಯವಾಗಿದ್ದ ಲಾರ್ಡ್ಸ್ ಸಭೆಯವರೆಗೂ ಹೋಯಿತು. 2003ರಲ್ಲಿ ದಂಪತಿ ಸೋತರು, ಹಣ ಕಟ್ಟಬೇಕಾಯಿತು. ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ ಈ ಹೊಣೆ ಇದೆಯಾ ಅಂತ ಇವತ್ತಿಗೂ ವಕೀಲರು ನೋಡುತ್ತಾರೆ. ನಿಮ್ಮ ಮಗ ಅಲ್ಲಿ ಮನೆ ತೆಗೆದುಕೊಳ್ಳುವ ಯೋಚನೆಯಲ್ಲಿದ್ದರೆ ಕಿವಿಗೆ ಹಾಕಿಡಿ!

ಈಗ ಶೆಟ್ಟಿಹಳ್ಳಿ. ಹೌದು, ಕಮಾನು ಅದೇ ಜಾತಿಯದು, ಆದರೆ ಕಾಲ ಬೇರೆ. ಶೆಟ್ಟಿಹಳ್ಳಿ ಚರ್ಚನ್ನು 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದರು. ಆಗ ಯುರೋಪಿನಲ್ಲಿ ಗೋಥಿಕ್‌ಗೆ, ಅಂದರೆ ಚೂಪು ಕಮಾನಿನ ಈ ಹಳೆಯ ಕಟ್ಟಡ ಶೈಲಿಗೆ, ಎರಡನೇ ಸಲ ಜೀವ ಬಂದಿತ್ತು. ಮೈಸೂರಿನ ಸಂತ ಫಿಲೋಮಿನಾ ಚರ್ಚೂ ಆ ಎರಡನೇ ಸುತ್ತಿನ ಗೋಥಿಕ್ಕೇ, ಅದು 1930ರ ದಶಕದ್ದು. ಮೂಲ ಗೋಥಿಕ್ ಶುರುವಾದದ್ದು ಪ್ಯಾರಿಸ್ ಹತ್ತಿರ, ಸೇಂಟ್ ಡೆನಿಯಲ್ಲಿ, 1140ರ ದಶಕದಲ್ಲಿ. ಚೂಪು ಕಮಾನು ಅವರ ಸ್ವಂತ ಶೋಧವೇನಲ್ಲ, ಅರಬ್ ನಾಡಿನ ಕಟ್ಟಡಗಳಲ್ಲಿ ಅದು ಮೊದಲೇ ಇತ್ತು. ನಮ್ಮಲ್ಲೇ ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿ ನೋಡಿ, ಸಾಲು ಸಾಲು ಚೂಪು ಕಮಾನು.

ಕಮಾನಿನ ಗುಟ್ಟು ತಿಳಿಯಬೇಕು ಅಂದರೆ ಶೆಟ್ಟಿಹಳ್ಳಿಯೇ ಒಳ್ಳೆಯ ಪಾಠಶಾಲೆ. ಅಲ್ಲಿ ಛಾವಣಿ ಹೋಗಿದೆ, ಎಲುಬು ಮಾತ್ರ ನಿಂತಿದೆ. ಅರ್ಧವೃತ್ತದ ಕಮಾನಿಗೆ ಅಗಲ 20 ಅಡಿ ಇದ್ದರೆ ಎತ್ತರ 10 ಅಡಿ ಇರಲೇಬೇಕು, ಬೇರೆ ದಾರಿ ಇಲ್ಲ. ಚೂಪು ಕಮಾನಿಗೆ ಆ ಕಟ್ಟು ಇಲ್ಲ. ಅಗಲ ಎಷ್ಟೇ ಇರಲಿ, ಬೇಕಾದಷ್ಟು ಎತ್ತರಕ್ಕೆ ಎಳೆಯಬಹುದು. ಕಿರಿದಾದ ಬಾಗಿಲು, ಅಗಲವಾದ ಕಿಟಕಿ ಎರಡರ ತುದಿಯನ್ನೂ ಒಂದೇ ಮಟ್ಟಕ್ಕೆ ತರಬಹುದು. ಇನ್ನೊಂದು ಲಾಭ ತೂಕದ್ದು. ಕಮಾನು ಎತ್ತರವಾದಷ್ಟೂ ಭಾರ ನೇರವಾಗಿ ಕೆಳಗಿಳಿಯುತ್ತದೆ, ಗೋಡೆಯನ್ನು ಹೊರಕ್ಕೆ ನೂಕುವುದು ಕಡಿಮೆ. ಆ ಉಳಿದ ನೂಕನ್ನು ತಡೆಯಲು ಹೊರಗಿನಿಂದ ಆನಿಕೆ ಕೊಟ್ಟ ಹಾಗೆ ತುಂಡು ಗೋಡೆ ಕಟ್ಟುತ್ತಾರೆ, ಬಟ್ರೆಸ್ ಅಂತ. ಭಾರ ಹೊರಲು ಅಲ್ಲಲ್ಲಿ ಬಟ್ರೆಸ್ ನಿಂತ ಮೇಲೆ ನಡುವಿನ ಗೋಡೆಗೆ ಕೆಲಸವೇ ಇಲ್ಲ, ಅದನ್ನು ಕಿಟಕಿ ಮಾಡಿಬಿಡಬಹುದು. ಇಷ್ಟೇ ಗೋಥಿಕ್. ಉಳಿದದ್ದೆಲ್ಲ ಅಲಂಕಾರ.

ಬ್ಲೈಬರೊದಲ್ಲಿ ಈ ಲೆಕ್ಕ ಕೊನೆಯ ಹಂತಕ್ಕೆ ಹೋಗಿದೆ. ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು ಬರೀ ಕಿಟಕಿ. ಕಿಟಕಿಯ ಕಲ್ಲಿನ ಪಟ್ಟಿಗಳು ನೆಟ್ಟಗೆ ಮೇಲಕ್ಕೆ ಓಡುತ್ತವೆ, ಬಳುಕುವುದಿಲ್ಲ. ಇಂಗ್ಲಿಷ್ ಗೋಥಿಕ್‌ನ ಈ ಕೊನೆಯ ಬಗೆಗೆ ಪರ್ಪೆಂಡಿಕ್ಯುಲರ್ ಅನ್ನುವ ಹೆಸರು ಅದಕ್ಕೇ. ಆ ಹೆಸರನ್ನೂ ಬಹಳ ತಡವಾಗಿ, 1817ರಲ್ಲಿ ಥಾಮಸ್ ರಿಕ್‌ಮನ್ ಎಂಬುವರು ಬಳಕೆಗೆ ತಂದರು. ಒಳಗೆ ಹಾಲು ಚೆಲ್ಲಿದ ಹಾಗೆ ಬೆಳಕು ಇತ್ತು ಅಲ್ವಾ? ಕಟ್ಟಿದವರು ನೋಡಿದ್ದು ಆ ಬೆಳಕಲ್ಲ. ಆಗ ಎಲ್ಲ ಕಿಟಕಿಯಲ್ಲೂ ಬಣ್ಣದ ಗಾಜು, ಗೋಡೆಯಲ್ಲಿ ಚಿತ್ರ, ಛಾವಣಿಯಲ್ಲಿ ಕೆಂಪು ಹಸಿರು ಬಣ್ಣ. ಮೇಣದ ಬತ್ತಿಯ ಹೊಗೆ ಬೇರೆ. ನೀವು ಮೆಚ್ಚಿದ ಆ ಶಾಂತ ಬಿಳುಪು ಒಂದು ಲೆಕ್ಕದಲ್ಲಿ ಡೌಸಿಂಗ್‌ನಂಥವರು ಕೊಟ್ಟ ಕೊಡುಗೆ. ನನಗೂ ಆ ಬಿಳುಪು ಇಷ್ಟವೇ, ಏನು ಮಾಡುವುದು.

ಗೋಡೆಯ ಬಗ್ಗೆ ಎರಡು ಮಾತು. ಸಫೊಕ್‌ನಲ್ಲಿ ಕಟ್ಟಡದ ಕಲ್ಲು ಸಿಗುವುದಿಲ್ಲ. ಹೊಲ ಉತ್ತರೆ ಸಿಗುವುದು ಚಕಮಕಿ ಕಲ್ಲು, ಮುಷ್ಟಿಯಷ್ಟು ದಪ್ಪದ್ದು. ಅದನ್ನೇ ಸುಣ್ಣದ ಗಾರೆಯಲ್ಲಿ ಕೂರಿಸಿ ಗೋಡೆ ಎಬ್ಬಿಸಿದರು. ಚಕಮಕಿಯಲ್ಲಿ ಮೂಲೆ ತಿದ್ದಲಾಗುವುದಿಲ್ಲ. ಹಾಗಾಗಿ ಮೂಲೆಗಲ್ಲು, ಕಿಟಕಿ ಚೌಕಟ್ಟಿಗೆ ಬೇಕಾದ ಸುಣ್ಣಕಲ್ಲನ್ನು ದೂರದಿಂದ ದೋಣಿಯಲ್ಲಿ ತರಿಸಬೇಕಿತ್ತು. ಬಡತನವನ್ನೇ ಅಲಂಕಾರ ಮಾಡಿಕೊಂಡರು ಆ ಗಾರೆ ಕೆಲಸದವರು. ಚಕಮಕಿಯನ್ನು ಒಡೆದರೆ ಒಳಗೆ ಕಪ್ಪು ಗಾಜಿನ ಹಾಗೆ ಹೊಳಪು. ಆ ಹೊಳೆಯುವ ಮುಖ ಹೊರಗೆ ಬರುವಂತೆ, ಬಿಳಿ ಕಲ್ಲಿನ ನಡುವೆ ಕೊರೆದ ಮನೆಗಳಲ್ಲಿ ಕೂರಿಸಿದರು. ಕಪ್ಪು ಬಿಳುಪಿನ ರಂಗೋಲಿಯ ಹಾಗಿರುತ್ತದೆ. ಮಳೆ ಬಂದು ನಿಂತಾಗ ನೋಡಬೇಕು.

ಛಾವಣಿ ಕಲ್ಲಿನದಲ್ಲ, ಮರದ್ದು. ಕೆಥೀಡ್ರಲ್‌ಗಳ ಹಾಗೆ ಕಲ್ಲಿನ ಕಮಾನು ಛಾವಣಿ ಹಾಕುವ ಶಕ್ತಿ ಹಳ್ಳಿಗಳಿಗೆ ಇರಲಿಲ್ಲ. ಆದರೆ ಆ ಸೀಮೆಯ ಬಡಗಿಗಳ ಮುಂದೆ ಕಲ್ಲುಕುಟಿಗರು ತಲೆ ಬಾಗಿಸಬೇಕು. ಬ್ಲೈಬರೊದ ಛಾವಣಿ ಹೆಚ್ಚು ಇಳಿಜಾರಿಲ್ಲದ್ದು. ಅಡ್ಡ ತೊಲೆಗಳು, ತೊಲೆಯ ನಡುಮಧ್ಯದಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ದೇವದೂತರು, ಒಬ್ಬ ಪೂರ್ವಕ್ಕೆ, ಇನ್ನೊಬ್ಬ ಪಶ್ಚಿಮಕ್ಕೆ. ಹಳೆಯ ಬಣ್ಣ ಅಲ್ಲಲ್ಲಿ ಮಾಸಿ ಉಳಿದಿದೆ. ಮೊದಲ ಸಲ ಹೋದಾಗ ಬೆಂಚುಗಳನ್ನೇ ನೋಡುತ್ತ ಅರ್ಧ ಗಂಟೆ ಕಳೆದಿದ್ದೆ. ತಲೆ ಎತ್ತಿದ್ದು ಹೊರಡುವಾಗ. ನಾಚಿಕೆಯಾಯಿತು.

ಆ ಬೆಂಚುಗಳ ಕಥೆ ಹೇಳಿಬಿಡುತ್ತೇನೆ. ಮಧ್ಯಯುಗದ ಬಹುಕಾಲ ಚರ್ಚಿನಲ್ಲಿ ಕೂರುವ ವ್ಯವಸ್ಥೆ ಇರಲಿಲ್ಲ. ಜನ ನಿಲ್ಲಬೇಕು, ಇಲ್ಲ ಮಂಡಿಯೂರಬೇಕು. ವಯಸ್ಸಾದವರಿಗೆ ಗೋಡೆಯುದ್ದಕ್ಕೂ ಕಲ್ಲಿನ ಜಗುಲಿ, ಅಷ್ಟೆ. ಪ್ರವಚನದ ರೂಢಿ ಬೆಳೆದಂತೆ, 15ನೇ ಶತಮಾನದ ಹೊತ್ತಿಗೆ, ಓಕ್ ಮರದ ಬೆಂಚುಗಳು ಬಂದವು. ಬೆಂಚಿನ ತುದಿಯ ಹಲಗೆಯ ತಲೆಯ ಮೇಲೆ ಸಾಮಾನ್ಯವಾಗಿ ಎಲೆಗೊಂಚಲು ಕೆತ್ತುತ್ತಿದ್ದರು. ಬ್ಲೈಬರೊದಲ್ಲಿ ಆ ಜಾಗಕ್ಕೆ ಮನುಷ್ಯರು ಬಂದು ಕೂತಿದ್ದಾರೆ. ನೀವು ನೋಡಿದ ಹೊಟ್ಟೆ ಹಿಡಿದುಕೊಂಡವನು ಹೊಟ್ಟೆಬಾಕ. ಕ್ರೈಸ್ತರು ಹೇಳುವ ಏಳು ಮಹಾಪಾಪಗಳ ಸಾಲಿನವನು. ಅವನ ನೆಂಟರೆಲ್ಲ ಅಲ್ಲೇ ಇದ್ದಾರೆ. ಸೋಮಾರಿ ಹಾಸಿಗೆಯಿಂದ ಏಳುವುದೋ ಬೇಡವೋ ಅನ್ನುವ ಹಾಗಿದ್ದಾನೆ. ಜುಗ್ಗ ದುಡ್ಡಿನ ಪೆಟ್ಟಿಗೆಯ ಮೇಲೇ ಕೂತಿದ್ದಾನೆ. ಚಾಡಿಕೋರನ ನಾಲಗೆ ಹೊರಗೆ ನೇತಾಡುತ್ತಿದೆ. ಬೇಸಾಯದ ಋತುಗಳ ಕೆತ್ತನೆಯೂ ಇದೆ. ಎಲ್ಲ ಒಂದು ಗೇಣಿನಷ್ಟರ ಗೊಂಬೆಗಳು. ತಲೆ, ಮೊಣಕಾಲು ನುಣ್ಣಗಾಗಿವೆ. ಬೆಂಚಿಗೆ ಬರುವವರೆಲ್ಲ ಅದನ್ನೇ ಹಿಡಿದು ಒಳಗೆ ಸರಿಯುತ್ತಾರೆ ತಾನೇ? ಆರು ಶತಮಾನದ ಕೈಜಿಡ್ಡು ಅದು.

ಯಾವ ಪಾಪಿಯ ಪಕ್ಕ ಯಾವ ಮನೆಯವರು ಕೂರುತ್ತಿದ್ದರೋ, ಊರಿನವರು ಒಳಗೊಳಗೇ ನಗುತ್ತಿದ್ದರೋ ಏನೋ. ಅದಕ್ಕೆ ದಾಖಲೆ ಕೇಳಬೇಡಿ, ಸುಮ್ನೆ ನನ್ನ ಕಲ್ಪನೆ.

ಪಶ್ಚಿಮದ ಕೊನೆಯಲ್ಲಿ, ಬಾಗಿಲಿಗೆ ಹತ್ತಿರ, ಎಂಟು ಮುಖದ ಕಲ್ಲಿನ ತೊಟ್ಟಿ ನೋಡಿರಬೇಕು. ಜ್ಞಾನಸ್ನಾನದ ತೊಟ್ಟಿ ಅದು. ಸಭೆಗೆ ಸೇರುವ ಮೊದಲ ಹೆಜ್ಜೆ ಜ್ಞಾನಸ್ನಾನ, ಅದಕ್ಕೇ ತೊಟ್ಟಿ ಬಾಗಿಲ ಬಳಿ. ಸಫೊಕ್, ನಾರ್ಫೊಕ್ ಸೀಮೆಗೆ ಇದರಲ್ಲಿ ಒಂದು ವಿಶೇಷ ಬಗೆ ಇದೆ. ಏಳು ಮುಖದಲ್ಲಿ ಏಳು ಸಂಸ್ಕಾರಗಳು: ಜ್ಞಾನಸ್ನಾನ, ದೃಢೀಕರಣ, ಪಾಪನಿವೇದನೆ, ಪರಮಪ್ರಸಾದ, ಮದುವೆ, ಗುರುದೀಕ್ಷೆ, ಕೊನೆಗಾಲದ ತೈಲಲೇಪನ. ಎಂಟನೆಯ ಮುಖಕ್ಕೆ ಕ್ರಿಸ್ತನ ಬದುಕಿನ ಒಂದು ದೃಶ್ಯ. ಇಂಥ ತೊಟ್ಟಿಗಳು ಸುಮಾರು 40 ಉಳಿದಿವೆ. ಬ್ಲೈಬರೊದ್ದೂ ಅದೇ ಬಗೆಯದು, ಆದರೆ ಕೆತ್ತನೆಯನ್ನೆಲ್ಲ ಉಳಿಯಿಂದ ಹೆರೆದು ಹಾಕಿದ್ದಾರೆ. ಬೆರಳು ಆಡಿಸಿದರೆ ಉಳಿಯ ಗೀರು ಸಿಗುತ್ತದೆ. ಇನ್ನೊಂದು ವಿಷಯ, ಹಳೆಯ ತೊಟ್ಟಿಗಳ ಅಂಚಿನಲ್ಲಿ ಕಬ್ಬಿಣದ ಕೊಂಡಿ ಕಿತ್ತ ಗುರುತು ಇರುತ್ತದೆ. ಮಂತ್ರಿಸಿದ ನೀರನ್ನು ಜನ ಮಾಟಮಂತ್ರಕ್ಕೆ ಕದ್ದೊಯ್ಯುತ್ತಿದ್ದರು! 1236ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಎಡ್ಮಂಡ್, ತೊಟ್ಟಿಗೆ ಮುಚ್ಚಳ ಹಾಕಿ ಬೀಗ ಜಡಿಯಬೇಕು ಅಂತ ಕಟ್ಟಪ್ಪಣೆ ಮಾಡಿದರು.

ಗೋಡೆಯೊಳಗಿನ ಕಲ್ಲಿನ ಬೋಗುಣಿಯೂ ನೀರಿನದೇ ಕಥೆ. ಅದಕ್ಕೆ ಪಿಸೀನಾ ಅನ್ನುತ್ತಾರೆ. ಬಲಿಪೂಜೆಯ, ಅಂದರೆ ರೊಟ್ಟಿ ದ್ರಾಕ್ಷಾರಸ ಅರ್ಪಿಸುವ ಪೂಜೆಯ, ಬಟ್ಟಲು ತೊಳೆದ ನೀರು ಎಲ್ಲೆಂದರಲ್ಲಿ ಚೆಲ್ಲಬಾರದು, ತುಳಿತಕ್ಕೆ ಸಿಗಬಾರದು. ಬೋಗುಣಿಯ ತಳದಲ್ಲಿ ಒಂದು ತೂತು, ಅಲ್ಲಿಂದ ನೀರು ನೇರ ಚರ್ಚಿನ ಮಣ್ಣಿಗೆ. ಅಭಿಷೇಕದ ನೀರನ್ನು ತುಳಿಯಬಾರದು ಅಂತ ಸೋಮಸೂತ್ರ ದಾಟದ ನಮ್ಮವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಪಕ್ಕದಲ್ಲಿ ಗೋಡೆಯಲ್ಲೇ ಕೊರೆದ ಮೂರು ಆಸನ ಇದ್ದರೆ ಅವು ಪಾದ್ರಿ ಮತ್ತು ಅವರ ಇಬ್ಬರು ಸಹಾಯಕರಿಗೆ. ಪುಟ್ಟ ಗೂಡಿದ್ದರೆ ಪೂಜೆಯ ಪಾತ್ರೆ ಇಡುವ ಅಲಮಾರು. ಒಂದು ಉಪಾಯ ಹೇಳುತ್ತೇನೆ. ಪಿಸೀನಾ ಚಾನ್ಸೆಲ್‌ನಲ್ಲಲ್ಲದೆ ಸಭಾಂಗಣದ ಬದಿ ಗೋಡೆಯಲ್ಲಿ ಕಂಡರೆ, ಅಲ್ಲಿ ಒಂದು ಕಾಲಕ್ಕೆ ಇನ್ನೊಂದು ಬಲಿಪೀಠ ಇತ್ತು ಅಂತ ಅರ್ಥ. ಪೀಠ ಹೋಗಿದೆ, ತೊಳೆಯುವ ಜಾಗ ಉಳಿದಿದೆ.

ಈಗ ಎಲ್ಲಿಗೂ ಹೋಗದ ಮೆಟ್ಟಿಲು. ಸಭಾಂಗಣ ಮುಗಿದು ಚಾನ್ಸೆಲ್ ಶುರುವಾಗುವ ಕಡೆ ಕೆತ್ತನೆಯ ಮರದ ತಡಿಕೆ ಇರುತ್ತಿತ್ತು. ಕೆಳಗಿನ ಹಲಗೆಯಲ್ಲಿ ಸಂತರ ಚಿತ್ರ, ಮೇಲೆ ಜಾಲಂಧ್ರ. ಪಕ್ಕದ ಸೌತ್‌ವೋಲ್ಡ್‌ನಲ್ಲಿ ಬಣ್ಣದ ಸಮೇತ ಉಳಿದಿದೆ, ಸಮುದ್ರಕ್ಕೆ ಹೋಗಿದ್ದಿರಲ್ಲ, ಅದೇ ಊರಾಗಿದ್ದರೆ ಒಳ್ಳೆಯದೊಂದನ್ನು ಬಿಟ್ಟು ಬಂದಿದ್ದೀರಿ. ತಡಿಕೆಯ ತಲೆಯ ಮೇಲೆ ಮನುಷ್ಯ ನಿಲ್ಲುವಷ್ಟು ಅಗಲದ ಅಟ್ಟ. ಅಟ್ಟದ ಮೇಲೆ ದೊಡ್ಡ ಶಿಲುಬೆ, ಕ್ರಿಸ್ತ, ಒಂದು ಬದಿಗೆ ಮಾತೆ ಮರಿಯಮ್ಮ, ಇನ್ನೊಂದು ಬದಿಗೆ ಶಿಷ್ಯ ಯೊವಾನ್ನ. ಅಲ್ಲಿ ದೀಪ ಹಚ್ಚಲು ಹತ್ತುವ ಮೆಟ್ಟಿಲು ಗೋಡೆಯೊಳಗೆ. 16ನೇ ಶತಮಾನದಲ್ಲಿ ಇಂಗ್ಲೆಂಡು ಪ್ರೊಟೆಸ್ಟೆಂಟ್ ಮತಕ್ಕೆ ತಿರುಗಿದಾಗ, ಆರನೇ ಎಡ್ವರ್ಡ್ ರಾಜನ ಕಾಲಕ್ಕೆ ವಿಗ್ರಹಗಳು ಹೋದವು. 1561ರಲ್ಲಿ ಎಲಿಜಬೆತ್ ರಾಣಿಯ ಅಪ್ಪಣೆಯಲ್ಲಿ ಅಟ್ಟಗಳೂ ಹೋದವು. ಕಲ್ಲಿನ ಮೆಟ್ಟಿಲು ಕೀಳುವ ಗೋಜಿಗೆ ಯಾರೂ ಹೋಗಲಿಲ್ಲ. ಹತ್ತಡಿ ಎತ್ತರದಲ್ಲಿ ಒಂದು ಬಾಗಿಲು, ಅದರ ಮುಂದೆ ಬರೀ ಗಾಳಿ.

ಇದಕ್ಕಿಂತ ಚೆನ್ನಾಗಿ ‘ಇಲ್ಲದ್ದನ್ನು’ ತೋರಿಸುವ ವಸ್ತು ಒಂದಿದೆ. ಬ್ಲೈಬರೊ ಪಕ್ಕದ ವೆನಾಸ್ಟನ್ ಎಂಬ ಹಳ್ಳಿಯಲ್ಲಿ, ಕಾರಲ್ಲಿ ಹತ್ತು ನಿಮಿಷವೂ ಇಲ್ಲ. 1892ರಲ್ಲಿ ಅಲ್ಲಿನ ಚರ್ಚಿನ ದುರಸ್ತಿ ನಡೆಯುತ್ತಿತ್ತು. ಚಾನ್ಸೆಲ್ ಕಮಾನಿನ ಮೇಲ್ಭಾಗ ಮುಚ್ಚಿದ್ದ, ಸುಣ್ಣ ಬಳಿದ ಹಳೆಯ ಹಲಗೆಗಳನ್ನು ಕಿತ್ತು ಅಂಗಳಕ್ಕೆ ಎಸೆದರು. ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ಸುಣ್ಣ ತೊಳೆದುಹೋಗಿ ಹಲಗೆಯ ಮೇಲೆ ಮುಖಗಳು! ಕೊನೆಯ ತೀರ್ಪಿನ ದಿನದ ಚಿತ್ರ ಅದು, ಸುಮಾರು 1500ರ ಆಸುಪಾಸಿನದು. ತಕ್ಕಡಿ ಹಿಡಿದು ಆತ್ಮ ತೂಗುವ ಸಂತ ಮಿಕಾಯೇಲ, ಬಾಯಿ ತೆರೆದ ದೊಡ್ಡ ಮೀನಿನಂಥ ನರಕ, ಸ್ವರ್ಗದ ಬಾಗಿಲಲ್ಲಿ ಮೈಮೇಲೆ ಬಟ್ಟೆಯಿಲ್ಲದೆ, ತಲೆಗೆ ಮಾತ್ರ ಕಿರೀಟ, ಬಿಷಪ್ಪರ ಟೋಪಿ ಹಾಕಿಕೊಂಡು ನಿಂತ ರಾಜ, ಗುರುಗಳು. ಆದರೆ ನನ್ನ ಕಣ್ಣು ಪ್ರತಿ ಸಲ ಹೋಗುವುದು ನಡುವಿನ ಖಾಲಿ ಜಾಗಕ್ಕೆ. ಅಲ್ಲಿ ಬಣ್ಣ ಇಲ್ಲ. ಒಂದು ಶಿಲುಬೆಯ ಆಕಾರ, ಅದರ ಆಚೀಚೆ ಎರಡು ನಿಂತ ಮನುಷ್ಯರ ಆಕಾರ, ಬರೀ ಮರ. ಚಿತ್ರದ ಮುಂದೆ ನಿಲ್ಲಿಸಿದ್ದ ವಿಗ್ರಹಗಳ ಬೆನ್ನಿನ ಜಾಗ. ಅದರ ಹಿಂದೆ ಯಾಕೆ ಬಣ್ಣ ಹಚ್ಚಬೇಕು ಅಂತ ಚಿತ್ರಕಾರ ಬಿಟ್ಟಿದ್ದಾನೆ. ವಿಗ್ರಹಗಳು ಎಂದೋ ಹೋದವು, ಅವುಗಳ ನೆರಳು ಹಲಗೆಯಲ್ಲಿದೆ.

ಬ್ಲೈಬರೊ ನೆಲದ ಕಲ್ಲುಗಳಲ್ಲೂ ಇದೇ ಆಟ. ಅಲ್ಲಲ್ಲಿ ಮನುಷ್ಯಾಕಾರದ ತಗ್ಗು ಕಾಣುತ್ತದೆ. ಸಮಾಧಿಯ ಮೇಲೆ ಕೂರಿಸಿದ್ದ ಹಿತ್ತಾಳೆ ತಗಡಿನ ಜಾಗ ಅದು. ‘ಇವರ ಆತ್ಮಕ್ಕಾಗಿ ಪ್ರಾರ್ಥಿಸಿ’ ಅಂತ ತಗಡಿನಲ್ಲಿ ಬರೆದಿರುತ್ತಿತ್ತು. ಹೊಸ ಮತದವರಿಗೆ, ಅಂದರೆ ಪ್ರೊಟೆಸ್ಟೆಂಟರಿಗೆ, ಆ ಸಾಲು ಕಂಡರೆ ಆಗುತ್ತಿರಲಿಲ್ಲ. ಅಂಥ ಮೂರನ್ನು ಒಡೆದೆ ಅಂತ ಡೌಸಿಂಗ್ ಬ್ಲೈಬರೊದ ಲೆಕ್ಕದಲ್ಲೇ ಬರೆದುಕೊಂಡಿದ್ದಾನೆ.

ಬಾಗಿಲ ಮೇಲಿನ ಸುಟ್ಟ ಗುರುತಿಗೆ ಊರಿನವರು ಹೇಳುವ ಕಥೆ ನಿಮ್ಮ ಮಗನಿಗೂ ಗೊತ್ತಿರಬಹುದು. 1577ರ ಆಗಸ್ಟ್ 4, ಭಾನುವಾರ, ಪ್ರಾರ್ಥನೆ ನಡೆಯುತ್ತಿದ್ದಾಗ ಗುಡುಗು ಸಿಡಿಲಿನ ಮಳೆ. ಗೋಪುರದ ಮೇಲಿನ ಚೂಪು ಶಿಖರ ಕುಸಿದು ಛಾವಣಿ ಸೀಳಿಕೊಂಡು ಒಳಗೆ ಬಿತ್ತು, ಜನ ಸತ್ತರು. ಇಷ್ಟು ನಿಜ. ಈಗಲೂ ಗೋಪುರಕ್ಕೆ ಶಿಖರ ಇಲ್ಲ. ಅದೇ ದಿನ ಹತ್ತಿರದ ಬಂಗೀ ಊರಿನ ಚರ್ಚಿಗೂ ಸಿಡಿಲು ಹೊಡೆಯಿತು. ಎರಡನ್ನೂ ಸೇರಿಸಿ, ಸೈತಾನನೇ ಕರಿನಾಯಿಯ ರೂಪದಲ್ಲಿ ನುಗ್ಗಿದ ಅಂತ ಆ ವರ್ಷವೇ ಒಂದು ಕಿರುಹೊತ್ತಗೆ ಅಚ್ಚಾಯಿತು. ಉತ್ತರದ ಬಾಗಿಲಿನ ಗುರುತು ಆ ನಾಯಿಯ ಉಗುರಿನದು ಅನ್ನುತ್ತಾರೆ. ನನಗೆ ಅದು ಉರಿಯುವ ಬತ್ತಿ ಹಿಡಿದು ಬೇಕೆಂದೇ ಮಾಡಿದ ಗುರುತಿನ ಹಾಗೆ ಕಾಣುತ್ತದೆ. ಆ ದೇಶದ ಹಳೆಯ ಮನೆಗಳ ತೊಲೆ, ಬಾಗಿಲಿನ ಮೇಲೆ ಕಣ್ಣೀರಿನ ಹನಿಯಾಕಾರದ ಇಂಥ ಸುಟ್ಟ ಗುರುತು ಬೇಕಾದಷ್ಟಿವೆ. ಬೆಂಕಿ, ಕೆಟ್ಟ ದೃಷ್ಟಿ ತಡೆಯಲು ಮಾಡುತ್ತಿದ್ದರು ಅಂತ ಬಹಳ ಜನ ವಿದ್ವಾಂಸರ ಅಭಿಪ್ರಾಯ. ಆದರೂ ಮಕ್ಕಳಿಗೆ ನಾಯಿಯ ಕಥೆಯನ್ನೇ ಹೇಳಿ.

ಪ್ರವಚನದ ಪೀಠ, ಬಲಿಪೀಠದ ಮುಂದಿನ ಕಟಕಟೆ, ಇವೆಲ್ಲ ಆಮೇಲಿನ ಕಾಲದ ಸೇರ್ಪಡೆಗಳು. ಹೆಚ್ಚು ಹೇಳುವುದಿಲ್ಲ. ಕಟಕಟೆ ಒಂದರ ಕಾರಣ ಮಾತ್ರ ಚಂದ. 1630ರ ದಶಕದಲ್ಲಿ ನಾರ್ವಿಚ್‌ನ ಬಿಷಪ್ಪರು ಕಟಕಟೆಯ ಕಂಬಗಳ ನಡುವೆ ನಾಯಿ ತೂರದಷ್ಟು ಕಿರಿದಾದ ಸಂದಿ ಇರಬೇಕು ಅಂತ ಸೂಚನೆ ಕೊಟ್ಟಿದ್ದರು. ರೈತರ ಜೊತೆ ಅವರ ನಾಯಿಗಳೂ ಚರ್ಚಿಗೆ ಬರುತ್ತಿದ್ದವು ಅಂತ ಇದರಿಂದ ಗೊತ್ತಾಯಿತಲ್ಲ.

ಇಷ್ಟೆಲ್ಲ ಹಳೆಯದು ಉಳಿದದ್ದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಡತನ ಉಳಿಸಿತು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಹೆಚ್ಚಿನ ಹಳ್ಳಿ ಚರ್ಚುಗಳನ್ನು ‘ಜೀರ್ಣೋದ್ಧಾರ’ ಮಾಡಿದರು. ಹಳೆ ಗಾರೆ ಕೆರೆದು, ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿ, ಅಂಗಡಿಯಿಂದ ತಂದಂಥ ಬೆಂಚು ಕೂರಿಸಿದರು. ನಮ್ಮಲ್ಲಿ ಹಳೆ ದೇವಸ್ಥಾನಕ್ಕೆ ಗ್ರಾನೈಟ್ ಹೊದಿಸಿ ಆಯಿಲ್ ಪೇಂಟ್ ಬಳಿಯುತ್ತಾರಲ್ಲ, ಅದೇ ರೋಗ. ಬ್ಲೈಬರೊಗೆ ಆ ದುಡ್ಡೂ ಇರಲಿಲ್ಲ. ಛಾವಣಿ ಸೋರಿ, ಜನ ಒಳಗೆ ಕೊಡೆ ಹಿಡಿದು ಕೂರುವ ಸ್ಥಿತಿ ಬಂತು. 1881ರಲ್ಲಿ ಅಪಾಯ ಅಂತ ಬಿಷಪ್ಪರು ಚರ್ಚು ಮುಚ್ಚಿಸಿದರು. ಅಷ್ಟರಲ್ಲಿ ಕವಿ, ವಿನ್ಯಾಸಕಾರ ವಿಲಿಯಂ ಮೋರಿಸ್ 1877ರಲ್ಲಿ ಕಟ್ಟಿದ್ದ ಪ್ರಾಚೀನ ಕಟ್ಟಡ ರಕ್ಷಣಾ ಸಂಘ ಬಲವಾಗಿತ್ತು. ‘ಕೆರೆಯಬೇಡಿ, ಸೋರದ ಹಾಗೆ ಮಾಡಿ ಸಾಕು’ ಅನ್ನುವುದು ಅವರ ವಾದ. ಬ್ಲೈಬರೊದ ದುರಸ್ತಿಯಲ್ಲಿ ಅವರ ಜೊತೆ ಜಗಳವೇ ನಡೆಯಿತು. ಕೆಲಸ ನಿಧಾನವಾಯಿತು, ಆದರೆ ಜಾಸ್ತಿ ಕೆಡಲಿಲ್ಲ. ನಿಮ್ಮ ಕಾಲ ಕೆಳಗಿದ್ದ ಹಳೆ ಇಟ್ಟಿಗೆ ನೆಲ ಆ ಜಗಳದ ಫಲ.

ಮುಂದಿನ ಸಲ ಹೋದಾಗ ಒಂದು ಚಿಕ್ಕ ಬೈನಾಕ್ಯುಲರ್ ಇಟ್ಟುಕೊಳ್ಳಿ. ಕತ್ತು ನೋವಾದರೆ ಬೆಂಚಿನ ಮೇಲೆ ಮಲಗಿಯೇ ಛಾವಣಿ ನೋಡಿ, ಯಾರೂ ಏನೂ ಅನ್ನುವುದಿಲ್ಲ. ನಾನೂ ಹಾಗೇ ನೋಡಿದ್ದು. ಸಾಧ್ಯವಾದರೆ ಭಾನುವಾರದ ಪ್ರಾರ್ಥನೆಯ ಹೊತ್ತಿಗೆ ಹೋಗಿ. ಒಳಗೆ ಗಡ್ಡ ಬಿಟ್ಟು, ಯುದ್ಧದ ಕವಚ ತೊಟ್ಟ ಮರದ ಮನುಷ್ಯ ಒಬ್ಬ ನಿಂತಿದ್ದಾನೆ, ಕೈಯಲ್ಲಿ ಕೊಡಲಿ, ಪಕ್ಕದಲ್ಲಿ ಗಂಟೆ. 1682ರ ಗಡಿಯಾರದ ಗೊಂಬೆ, ಹೆಸರು ಜ್ಯಾಕ್. ಗಡಿಯಾರಕ್ಕೂ ಅವನಿಗೂ ಈಗ ಸಂಬಂಧ ಇಲ್ಲ. ಪಾದ್ರಿಗಳು ಒಳಗೆ ಬರುವ ಮುಂಚೆ ಯಾರೋ ಹಗ್ಗ ಎಳೆಯುತ್ತಾರೆ, ಜ್ಯಾಕ್ ತಲೆ ಅಲ್ಲಾಡಿಸಿ ಗಂಟೆಗೆ ಒಂದೇಟು ಹೊಡೆಯುತ್ತಾನೆ, ಮಾತಾಡುತ್ತಿದ್ದವರೆಲ್ಲ ಸುಮ್ಮನಾಗುತ್ತಾರೆ.